ಕುದುರೆಮುಖದ ಕಪ್ಪು ಅದಿರು: ಟನ್ ಲೆಕ್ಕ ಹೇಳುವವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಉಕ್ಕು ಸಚಿವಾಲಯಕ್ಕೆ,
ಕರ್ನಾಟಕ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ,

ಮಾನ್ಯರೇ,

ದೇಶದ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಅದಿರಿನಲ್ಲಿ ಶೇ 70ಕ್ಕೂ ಹೆಚ್ಚು ಪಾಲು ಕರ್ನಾಟಕದಲ್ಲೇ ಇದೆ. ದೇಶದ ಒಟ್ಟು ಲೆಕ್ಕ 1,000 ಕೋಟಿ ಟನ್ ದಾಟುತ್ತದೆ. ಈ ಎರಡು ಅಂಕಿಗಳ ಬೆನ್ನಿಗೇ ಒಂದು ಮಾತು ಬರುತ್ತದೆ. ಇಷ್ಟೊಂದು ಅದಿರು ನೆಲದಲ್ಲಿ ಸುಮ್ನೆ ಬಿದ್ದಿದೆ, ಪಶ್ಚಿಮ ಘಟ್ಟದ ಕಾನೂನು ಅಡ್ಡ ನಿಂತಿದೆ, 2005ರಲ್ಲಿ ನಿಂತ ಕುದುರೆಮುಖದ ಗಣಿಯನ್ನು ಮತ್ತೆ ತೆರೆದರೆ ತಪ್ಪೇನು ಅಂತ.

ನಾನು ಮಲೆನಾಡಿನವನು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದವನು. ಕಾಡಿನ ಪರವಾಗಿ ಮಾತಾಡುವವರು ತಮ್ಮ ಮಾತನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನ್ನ ತಕರಾರು ಬೇರೆ. ಈ ಇಡೀ ಚರ್ಚೆಯಲ್ಲಿ ಆ ಖನಿಜದ ಗುಣದ ಬಗ್ಗೆ ಯಾರೂ ಮಾತಾಡುವುದಿಲ್ಲ. ಕುದುರೆಮುಖದಲ್ಲಿ ಏನು ಸಿಕ್ಕಿತು, ಏನು ಹಾಳಾಯಿತು ಎಂಬುದೆಲ್ಲ ಆ ಗುಣದಿಂದಲೇ ತೀರ್ಮಾನವಾಗಿದ್ದು. ಅದನ್ನು ಬಿಟ್ಟು ಬರೀ ಟನ್ ಎಣಿಸಿದರೆ ಜನರಿಗೆ ಅರ್ಧ ಲೆಕ್ಕ ತೋರಿಸಿದ ಹಾಗೆ.

ಮೊದಲು ಖನಿಜದ ವಿಷಯಕ್ಕೆ ಬರುತ್ತೇನೆ. ಮ್ಯಾಗ್ನೆಟೈಟ್ ಕಬ್ಬಿಣದ ಒಂದು ಆಕ್ಸೈಡ್. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು. ಶುದ್ಧ ಮ್ಯಾಗ್ನೆಟೈಟ್‌ನ ತೂಕದಲ್ಲಿ ಶೇ 72.4ರಷ್ಟು ಕಬ್ಬಿಣ. ಬಳ್ಳಾರಿ, ಸಂಡೂರಿನ ಕೆಂಪು ಹೆಮಟೈಟ್ ಶುದ್ಧವಾಗಿದ್ದರೂ ಶೇ 70ನ್ನು ಮುಟ್ಟುವುದಿಲ್ಲ. ಹಾಗಾಗಿ ಪುಸ್ತಕದ ಪ್ರಕಾರ ಮ್ಯಾಗ್ನೆಟೈಟೇ ಮೇಲು. ಬಣ್ಣ ಕಪ್ಪು, ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಬೀಳುವ ಗೆರೆಯೂ ಕಪ್ಪು. ಹೆಮಟೈಟ್ ಕಲ್ಲು ಎಷ್ಟೇ ಕಪ್ಪಗೆ ಕಂಡರೂ ಅದರ ಗೆರೆ ಕೆಂಪು. ಮ್ಯಾಗ್ನೆಟೈಟ್ ನೀರಿಗಿಂತ ಐದು ಪಟ್ಟಿಗೂ ಜಾಸ್ತಿ ಭಾರ. ಗಡಸುತನ 1ರಿಂದ 10ರ ಅಳತೆಯಲ್ಲಿ 6ರ ಆಸುಪಾಸು, ಅಂದರೆ ಚಾಕುವಿನ ಮೊನೆಗೆ ಸುಲಭವಾಗಿ ಜಗ್ಗುವುದಿಲ್ಲ.

ಇದರ ದೊಡ್ಡ ಗುಣ ಮಾತ್ರ ಕಾಂತತ್ವ. ಮ್ಯಾಗ್ನೆಟೈಟ್‌ನಲ್ಲಿ ಕಬ್ಬಿಣ ಎರಡು ರೂಪದಲ್ಲಿರುತ್ತದೆ, ಎರಡು ಬಗೆಯ ಜಾಗಗಳಲ್ಲಿ ಕೂತಿರುತ್ತದೆ. ಒಂದು ಬಗೆಯ ಜಾಗದಲ್ಲಿರುವ ಪರಮಾಣುಗಳ ಕಾಂತ ದಿಕ್ಕು ಒಂದು ಕಡೆ, ಇನ್ನೊಂದು ಬಗೆಯದು ಅದಕ್ಕೆ ಎದುರು. ಎರಡೂ ಸಮವಾಗಿದ್ದರೆ ಕಾಂತತ್ವ ಪೂರ್ತಿ ಅಳಿಸಿಹೋಗುತ್ತಿತ್ತು. ಆದರೆ ಒಂದು ಕಡೆ ತೂಕ ಜಾಸ್ತಿ. ಉಳಿದ ಆ ಪಾಲೇ ನಾವು ಕಾಣುವ ಸೆಳೆತ. ಇದನ್ನು ವಿವರಿಸಿದವರು ಫ್ರಾನ್ಸಿನ ಲೂಯಿ ನೀಲ್, 1948ರಲ್ಲಿ. ಕಾಂತತ್ವದ ಮೇಲಿನ ಕೆಲಸಕ್ಕೆ 1970ರಲ್ಲಿ ಅವರಿಗೆ ನೊಬೆಲ್ ಬಂತು. ಸುಮಾರು 580 ಡಿಗ್ರಿ ಸೆಲ್ಸಿಯಸ್ ಮೇಲೆ ಕಾಯಿಸಿದರೆ ಈ ಸಾಲು ಕದಡಿ ಸೆಳೆತ ಹೋಗುತ್ತದೆ. ತಣ್ಣಗಾದರೆ ಮತ್ತೆ ಬರುತ್ತದೆ, ಬರುವಾಗ ಆ ಹೊತ್ತಿನಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಅದನ್ನು ಹಿಡಿದಿಟ್ಟುಕೊಂಡು ಬರುತ್ತದೆ.

ಗಣಿಗಾರಿಕೆಗೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೂ ಮೇಷ್ಟ್ರ ಚಟ, ಹೇಳದೆ ಇರಲಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದರೊಳಗಿನ ಮ್ಯಾಗ್ನೆಟೈಟ್ ಜಾತಿಯ ಸಣ್ಣ ಕಣಗಳು ಹಿಡಿದಿಟ್ಟ ದಿಕ್ಕನ್ನು ಓದಿಯೇ, ಆಗ ನಮ್ಮ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಅಂತ ವಿಜ್ಞಾನಿಗಳು ಹೇಳಿದ್ದು.

ಈಗ ವಿಷಯಕ್ಕೆ ಬರೋಣ. ಈ ಸೆಳೆತದಿಂದಲೇ ಬಡ ಅದಿರಿಗೂ ಬೆಲೆ ಬಂದಿದೆ. ಸಂಡೂರಿನ ಒಳ್ಳೆಯ ಹೆಮಟೈಟನ್ನು ಅಗೆದು, ಒಡೆದು, ಜರಡಿ ಹಿಡಿದು ಲಾರಿಗೆ ತುಂಬಬಹುದು. ಕುದುರೆಮುಖದ್ದು ಹಾಗಲ್ಲ. ಅಲ್ಲಿ ಮ್ಯಾಗ್ನೆಟೈಟ್ ಮತ್ತು ಬೆಣಚುಕಲ್ಲು ಪಟ್ಟೆಪಟ್ಟೆಯಾಗಿ ಬೆರೆತು ಕೂತಿವೆ. ಬೆಟ್ಟದ ಮೇಲ್ಪದರದ ಶಿಥಿಲ ಅದಿರಿನಲ್ಲಿ ಕಬ್ಬಿಣ ಶೇ 38ರಷ್ಟು ಮಾತ್ರ. ಎರಡನ್ನೂ ಬಿಡಿಸಬೇಕಾದರೆ ಕಲ್ಲನ್ನು ಹಿಟ್ಟಿನ ಹಾಗೆ ಅರೆಯಬೇಕು. ಆಮೇಲೆ ನೀರಲ್ಲಿ ಕಲಸಿ ತಿರುಗುವ ಕಾಂತದ ಡ್ರಮ್‌ಗಳ ಮುಂದೆ ಹರಿಸಬೇಕು. ಕಪ್ಪು ಪುಡಿ ಡ್ರಮ್ಮಿಗೆ ಅಂಟುತ್ತದೆ, ಬೆಣಚಿನ ಪುಡಿ ನೀರಿನ ಜೊತೆ ಹೋಗುತ್ತದೆ. ಹೀಗೆ ಸಿಕ್ಕ ಸಾಂದ್ರ ಅದಿರಿನಲ್ಲಿ ಕಬ್ಬಿಣ ಶೇ 67ರಷ್ಟು. ತಂತ್ರ ಒಳ್ಳೆಯದೇ. ಆದರೆ ಆ ನೀರಿನ ಜೊತೆ ಹೋಗಿದ್ದು ಎಲ್ಲಿಗೆ ಹೋಯಿತು, ಅಲ್ವಾ?

ಕಾರ್ಖಾನೆಯ ವಿನ್ಯಾಸದ ಲೆಕ್ಕವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 2.25 ಕೋಟಿ ಟನ್ ಅದಿರು ಒಳಗೆ, 75 ಲಕ್ಷ ಟನ್ ಸಾಂದ್ರ ಅದಿರು ಹೊರಗೆ. ಉಳಿದ ಒಂದೂವರೆ ಕೋಟಿ ಟನ್ ಕೆಸರು. ಅಂದರೆ ಮಾರುವ ಒಂದು ಟನ್ನಿಗೆ ಎಸೆಯುವುದು ಎರಡು ಟನ್. ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡಿ. 100 ಟನ್ ಅದಿರಿನಲ್ಲಿ 38 ಟನ್ ಕಬ್ಬಿಣ ಇತ್ತು. ಸಿಕ್ಕ 33 ಟನ್ ಸಾಂದ್ರ ಅದಿರಿನಲ್ಲಿ ಇರುವುದು ಸುಮಾರು 22 ಟನ್. ಮಿಕ್ಕ 16 ಟನ್ ಕಬ್ಬಿಣ ಕೆಸರಿಗೇ ಹೋಯಿತು. ಮಳೆಗೆ ಶಿಥಿಲವಾದ ಅದಿರಿನಲ್ಲಿ ಮ್ಯಾಗ್ನೆಟೈಟ್‌ನ ಒಂದು ಪಾಲು ಹೆಮಟೈಟ್ ಆಗಿ ಬದಲಾಗಿರುತ್ತದೆ, ಅಂಥದ್ದನ್ನು ಸಾಧಾರಣ ಕಾಂತ ಹಿಡಿಯುವುದಿಲ್ಲ. ನಿಮ್ಮ 1,000 ಕೋಟಿ ಟನ್ನಿನ ಲೆಕ್ಕದಲ್ಲಿ ಈ ಸೋರಿಕೆ ಎಲ್ಲಿ ಕಾಣುತ್ತದೆ?

ಇಷ್ಟಕ್ಕೂ ಕುದುರೆಮುಖದಲ್ಲಿ ಅದಿರು ಇದೆ ಅಂತ 1913ರಲ್ಲೇ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಅರವತ್ತು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಕಾರಣ ಇದೇ, ಬಡ ಅದಿರು, ದಟ್ಟ ಕಾಡು, ವರ್ಷಕ್ಕೆ 7,000 ಮಿಲಿಮೀಟರ್ ಮುಟ್ಟುವ ಮಳೆ. 1970ರ ದಶಕದಲ್ಲಿ ಇರಾನಿನ ಶಾ ದೊರೆಗೆ ಉಕ್ಕಿನ ಕಾರ್ಖಾನೆ ಕಟ್ಟುವ ಆಸೆ ಬಂತು. ನಮ್ಮ ಜೊತೆ ಒಪ್ಪಂದವಾಯಿತು, 63 ಕೋಟಿ ಡಾಲರ್ ಸಾಲದ ಮಾತಾಯಿತು, 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಕಾಡಿನ ನಡುವೆ ಊರು ಎದ್ದಿತು. ಕೆಸರು ಹಿಡಿದಿಡಲು ಲಖ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಬಂತು. ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುವ 67 ಕಿಲೋಮೀಟರ್ ಪೈಪು ಬಂತು, ಅದರೊಳಗೆ ಅದಿರಿನ ಪುಡಿ ನೀರಿನ ಜೊತೆ ಹರಿದು ಹೋಗುತ್ತಿತ್ತು. ಎಲ್ಲ ತಯಾರಾಗುವ ಹೊತ್ತಿಗೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿ. ಕೊಳ್ಳುವವನೇ ಇಲ್ಲ! ಬೇರೆ ದೇಶಗಳ ಗಿರಾಕಿ ಹುಡುಕಬೇಕಾಯಿತು. ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ಕಾರ್ಖಾನೆ ಪಣಂಬೂರಿನಲ್ಲಿ ಶುರುವಾಗಿದ್ದು 1987ರಲ್ಲಿ. ಅದೇ ವರ್ಷ ಸುತ್ತಲ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಒಂದು ಕೈಯಲ್ಲಿ ಕಾರ್ಖಾನೆ, ಇನ್ನೊಂದು ಕೈಯಲ್ಲಿ ಉದ್ಯಾನ. ಎರಡೂ ಸರ್ಕಾರದ್ದೇ ಕೈ.

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲು ಅದು. ಬೋಳಾದ ಗುಡ್ಡದ ಮೇಲೆ ಮಲೆನಾಡಿನ ಮಳೆ ಬಿದ್ದರೆ ಮಣ್ಣು ಹೊಳೆಗೇ ಇಳಿಯುವುದು. ಆಗಿನ ಹೋರಾಟದ ದೊಡ್ಡ ದೂರು ಇದೇ ಆಗಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಯ ದಿನ ಗಣಿ ನಿಂತಿತು. ಈ ಇತಿಹಾಸ ನಿಮಗೆ ಗೊತ್ತಿಲ್ಲದ್ದಲ್ಲ. ಒಂದು ಮಾತು ಜೋಡಿಸಬೇಕಿತ್ತು, ಅದಕ್ಕೆ ಹೇಳಿದೆ. ಗಣಿ ಮುಚ್ಚಿದ್ದಕ್ಕೆ ಕೋರ್ಟನ್ನೋ ಹೋರಾಟಗಾರರನ್ನೋ ದೂರುವವರು, ಅಷ್ಟು ನುಣ್ಣಗೆ ಅರೆಯಲೇಬೇಕಾದ ಅದಿರನ್ನು ಅಷ್ಟು ಮಳೆ ಬೀಳುವ ಜಾಗದಲ್ಲಿ ಅರೆದದ್ದು ಮೊದಲಿನಿಂದಲೇ ಎಷ್ಟು ಕಷ್ಟದ ಜೋಡಿ ಅಂತ ನೋಡಬೇಕು.

ಬೇರೆ ದೇಶದವರು ಇದನ್ನೇ ಮಾಡುತ್ತಿಲ್ಲವೇ ಅಂತ ಕೇಳುತ್ತೀರಿ. ಮಾಡುತ್ತಿದ್ದಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಟಾಕೊನೈಟ್ ಅಂತ ಕರೆಯುವ ಬಡ ಮ್ಯಾಗ್ನೆಟೈಟ್ ಕಲ್ಲು ಇದೆ, ನಮ್ಮದರ ನೆಂಟನೇ. ಅದನ್ನು ಅರೆದು ಬಿಡಿಸುವ ವಿಧಾನವನ್ನು ಅಲ್ಲಿನ ವಿಶ್ವವಿದ್ಯಾಲಯದ ಇ. ಡಬ್ಲ್ಯು. ಡೇವಿಸ್ ದಶಕಗಳ ಕಾಲ ಕೂತು ರೂಪಿಸಿದರು. 1955ರಿಂದ ಸಿಲ್ವರ್ ಬೇ ಎಂಬಲ್ಲಿನ ಕಾರ್ಖಾನೆ ತನ್ನ ಕೆಸರನ್ನು ನೇರವಾಗಿ ಸುಪೀರಿಯರ್ ಸರೋವರಕ್ಕೆ ಸುರಿಯಿತು, ದಿನಕ್ಕೆ ಹತ್ತಾರು ಸಾವಿರ ಟನ್. ಅಷ್ಟು ದೊಡ್ಡ ಸರೋವರ, ಏನಾಗುತ್ತದೆ ಅಂದುಕೊಂಡರು. 1973ರಲ್ಲಿ ಡುಲುತ್ ಊರಿನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ (ಆಸ್‌ಬೆಸ್ಟಾಸ್) ಎಳೆಗಳು ಸಿಕ್ಕವು. ದೊಡ್ಡ ಕೇಸು ನಡೆಯಿತು. ಕೊನೆಗೆ 1980ರಲ್ಲಿ ಸರೋವರಕ್ಕೆ ಸುರಿಯುವುದು ನಿಂತು, ನೆಲದ ಮೇಲೆ ಕೊಳ ಕಟ್ಟಬೇಕಾಯಿತು. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಚೀನಾದ ಒಂದು ಕಂಪನಿ ಬಡ ಮ್ಯಾಗ್ನೆಟೈಟ್‌ಗೆ ಕೈ ಹಾಕಿತು. ಅಲ್ಲಿ ಮಳೆಯ ತಾಪತ್ರಯವೂ ಇಲ್ಲ, ಕಾಡೂ ಇಲ್ಲ. ಆದರೂ ವೆಚ್ಚ ಅಂದಾಜಿನ ಹಲವು ಪಟ್ಟು ಏರಿತು, ಕೆಲಸ ವರ್ಷಗಟ್ಟಲೆ ತಡವಾಯಿತು. ಅರೆಯುವುದು ಅಂದರೆ ಕರೆಂಟು, ನೀರು, ಸವೆಯುವ ಯಂತ್ರ.

ಸ್ವೀಡನ್ನಿನ ಕಿರುನಾ ಹೆಸರನ್ನು ಕೆಲವರು ಉದಾಹರಣೆಗೆ ತರುತ್ತಾರೆ. ಅಲ್ಲಿ ಆರ್ಕ್ಟಿಕ್ ವೃತ್ತಕ್ಕೂ ಉತ್ತರದಲ್ಲಿ, ಒಂದು ಕಿಲೋಮೀಟರಿಗೂ ಆಳದಲ್ಲಿ ಮ್ಯಾಗ್ನೆಟೈಟ್ ಅಗೆಯುತ್ತಾರೆ. ನೆಲ ಕುಸಿಯುತ್ತಿದೆ ಅಂತ ಊರನ್ನೇ ಸ್ಥಳಾಂತರಿಸುತ್ತಿದ್ದಾರೆ, 2025ರ ಆಗಸ್ಟ್‌ನಲ್ಲಿ ಅಲ್ಲಿನ ಹಳೆಯ ಮರದ ಚರ್ಚನ್ನು ಇಡಿಯಾಗಿ ಗಾಲಿಗಳ ಮೇಲೆ ಸಾಗಿಸಿದರು. ಆದರೆ ಕಿರುನಾದ ಅದಿರು ಗಟ್ಟಿ ಕಪ್ಪು ಹಾಸು, ನೆಲದಲ್ಲಿರುವಾಗಲೇ ಬಹಳ ಸಿರಿವಂತ. ನಮ್ಮ ಪಟ್ಟೆ ಕಲ್ಲಿನ ಜೊತೆ ಅದನ್ನು ಹೋಲಿಸುವುದು ನ್ಯಾಯವಲ್ಲ.

ಆದರೂ ಕಿರುನಾದಿಂದ ಕಲಿಯುವ ಒಂದು ವಿಷಯ ಇದೆ. ಮ್ಯಾಗ್ನೆಟೈಟ್ ಪುಡಿಯನ್ನು ಉಂಡೆ ಕಟ್ಟಿ ಸುಮಾರು 1,250 ಡಿಗ್ರಿಯಲ್ಲಿ ಸುಡುವಾಗ ಅದು ಗಾಳಿಯ ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ. ಆಗ ತಾನೇ ಶಾಖ ಬಿಡುತ್ತದೆ. ಪೆಲೆಟ್ ಸುಡಲು ಬೇಕಾದ ಶಾಖದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿ ಅದಿರಿನಿಂದಲೇ ಬರುತ್ತದೆ. ಹೆಮಟೈಟ್‌ಗೆ ಈ ಗುಣ ಇಲ್ಲ, ಅದು ಆಗಲೇ ಪೂರ್ತಿ ಆಕ್ಸಿಜನ್ ತಿಂದಿರುವ ಖನಿಜ. 2005ರ ನಂತರ ಪಣಂಬೂರಿನ ಕಾರ್ಖಾನೆ ಹೊರಗಿನಿಂದ ತರಿಸಿದ ಹೆಮಟೈಟ್ ಮೇಲೆ ನಡೆಯಬೇಕಾಯಿತು, ಈ ಪುಕ್ಕಟೆ ಶಾಖವೂ ಕೈಬಿಟ್ಟಿತು. ಇದು ನಿಜವಾದ ನಷ್ಟ, ಒಪ್ಪುತ್ತೇನೆ. ಮ್ಯಾಗ್ನೆಟೈಟ್ ಪರ ವಾದಿಸುವವರು ಈ ಮಾತನ್ನಾದರೂ ಎತ್ತಿದ್ದರೆ ಚರ್ಚೆಗೆ ಒಂದು ತೂಕ ಇರುತ್ತಿತ್ತು. ಅದನ್ನೂ ಯಾರೂ ಎತ್ತುವುದಿಲ್ಲ.

ನನಗೆ ಇನ್ನೂ ಬೇಸರ ತರುವ ಸಂಗತಿ ಬೇರೆ. ಇಷ್ಟು ವರ್ಷ ಈ ಖನಿಜವನ್ನು ಅಗೆದೆವು, ಆದರೆ ಕುಲುಮೆಗೆ ಹಾಕುವ ಸರಕು ಅನ್ನುವುದರ ಆಚೆ ಯೋಚಿಸಿದ್ದು ಕಡಿಮೆ. ಮ್ಯಾಗ್ನೆಟೈಟ್‌ಗೆ ಉಕ್ಕಿನ ಹೊರಗೂ ಬೇಕಾದಷ್ಟು ಕೆಲಸ ಇದೆ. ಕಲ್ಲಿದ್ದಲು ತೊಳೆಯುವ ಘಟಕಗಳನ್ನೇ ನೋಡಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ನೀರಿಗೆ ಮ್ಯಾಗ್ನೆಟೈಟ್‌ನ ನುಣ್ಣನೆ ಪುಡಿ ಬೆರೆಸಿದರೆ ನೀರಿನ ಒಂದೂವರೆ ಪಟ್ಟು ತೂಕದ ದ್ರವ ಸಿಗುತ್ತದೆ. ಅದರಲ್ಲಿ ಒಳ್ಳೆಯ ಕಲ್ಲಿದ್ದಲು ತೇಲುತ್ತದೆ, ಕಲ್ಲು ಮುಳುಗುತ್ತದೆ. ಕೆಲಸ ಮುಗಿದ ಮೇಲೆ ಕಾಂತದಿಂದ ಪುಡಿಯನ್ನು ವಾಪಸ್ ಎಳೆದುಕೊಂಡು ಮತ್ತೆ ಬಳಸಬಹುದು. ಬೇರೆ ಭಾರದ ಪುಡಿ ಹಾಕಿದರೂ ತೇಲಿಸಬಹುದು, ಆದರೆ ಹೀಗೆ ಕಾಂತದಿಂದ ಸುಲಭವಾಗಿ ವಾಪಸ್ ಸಿಗುವುದು ಮ್ಯಾಗ್ನೆಟೈಟ್‌ನ ದೊಡ್ಡ ಅನುಕೂಲ.

ಅಮೋನಿಯಾ ಇನ್ನೊಂದು. ಗೊಬ್ಬರದ ಮೂಲವಾದ ಅಮೋನಿಯಾವನ್ನು ಗಾಳಿಯ ಸಾರಜನಕದಿಂದ ಮಾಡುವಾಗ ಬೇಕಾದ ವೇಗವರ್ಧಕ ಹುಡುಕಲು ಜರ್ಮನಿಯ ಆಲ್ವಿನ್ ಮಿಟ್ಟಾಶ್ ತಂಡ ಸಾವಿರಾರು ಪ್ರಯೋಗ ಮಾಡಿತು. 1909ರಲ್ಲಿ ಅವರಿಗೆ ದಾರಿ ತೋರಿಸಿದ್ದು ಸ್ವೀಡನ್ನಿನ ಗೆಲ್ಲಿವಾರೆಯಿಂದ ಬಂದ ಒಂದು ಮ್ಯಾಗ್ನೆಟೈಟ್ ಮಾದರಿ. ಅದರಲ್ಲಿದ್ದ ಕಲಬೆರಕೆಯೇ ಉಪಕಾರ ಮಾಡಿತ್ತು. ಇವತ್ತಿಗೂ ಜಗತ್ತಿನ ಬಹುಪಾಲು ಅಮೋನಿಯಾ ಕಾರ್ಖಾನೆಗಳ ವೇಗವರ್ಧಕ ಶುರುವಾಗುವುದು ಕರಗಿಸಿದ ಮ್ಯಾಗ್ನೆಟೈಟ್‌ನಿಂದ, ಅದಕ್ಕೆ ಚೂರು ಅಲ್ಯುಮಿನಾ, ಪೊಟ್ಯಾಶ್ ಸೇರಿಸಿ. ಪಣಂಬೂರಿನಲ್ಲಿ ಒಂದು ಕಡೆ ಪೆಲೆಟ್ ಕಾರ್ಖಾನೆ, ಅದೇ ಊರಿನಲ್ಲಿ ಯೂರಿಯಾ ಕಾರ್ಖಾನೆ. ಈ ಎರಡನ್ನೂ ಜೋಡಿಸಿ ಯೋಚಿಸುವವರು ಬೇಕಿತ್ತು.

ಇನ್ನು ಕ್ಯಾನ್ಸರ್ ಆಸ್ಪತ್ರೆಗಳ ವಿಕಿರಣ ಚಿಕಿತ್ಸೆಯ ಕೋಣೆಗೆ, ಅಣು ಸ್ಥಾವರಕ್ಕೆ ಹಾಕುವ ಭಾರದ ಕಾಂಕ್ರೀಟು. ಜಲ್ಲಿಯ ಬದಲು ಮ್ಯಾಗ್ನೆಟೈಟ್ ಕಲ್ಲು ಹಾಕಿದರೆ ಘನ ಮೀಟರಿಗೆ 2.4 ಟನ್ ತೂಗುವ ಕಾಂಕ್ರೀಟು ಮೂರೂವರೆ ಟನ್ ದಾಟುತ್ತದೆ, ಗೋಡೆ ತೆಳ್ಳಗಿದ್ದರೂ ಸಾಕಾಗುತ್ತದೆ. ಕಪ್ಪು ಬಣ್ಣ, ಪ್ರಿಂಟರಿನ ಟೋನರ್, ಎಂಆರ್‌ಐ ಸ್ಕ್ಯಾನಿಗೆ ಕೊಡುವ ಕೆಲವು ಔಷಧಿ, ಇವೂ ಮ್ಯಾಗ್ನೆಟೈಟೇ, ಆದರೆ ಹೆಚ್ಚಾಗಿ ಪ್ರಯೋಗಾಲಯ ಅಥವಾ ಕಾರ್ಖಾನೆಯಲ್ಲಿ ತಯಾರಿಸಿದ್ದು, ಗಣಿಯದ್ದಲ್ಲ. ಯಾರಾದರೂ ಇವನ್ನು ತೋರಿಸಿ ಗಣಿ ಕೇಳಿದರೆ ನಂಬಬೇಡಿ. ವಿದ್ಯುತ್ ಸ್ಥಾವರದ ಬಾಯ್ಲರ್ ಕೊಳವೆಯ ಒಳಮೈ ಮೇಲಂತೂ ಇದು ತಾನಾಗಿಯೇ ಬೆಳೆಯುತ್ತದೆ. ಬಿಸಿ ನೀರು ಉಕ್ಕಿನ ಜೊತೆ ಸೇರಿ ತೆಳ್ಳನೆ ಮ್ಯಾಗ್ನೆಟೈಟ್ ಪದರ ಕಟ್ಟುತ್ತದೆ, ಆ ಪದರವೇ ಕೊಳವೆ ತುಕ್ಕು ಹಿಡಿಯದ ಹಾಗೆ ಕಾಯುತ್ತದೆ.

ಈ ಬಳಕೆಗಳಿಗೆ ಬೇಕಾಗುವುದು ಉಕ್ಕಿನ ಹಾಗೆ ಕೋಟಿಗಟ್ಟಲೆ ಟನ್ ಅಲ್ಲ, ಬಹಳ ಕಡಿಮೆ. ಇಷ್ಟಕ್ಕೆ ಒಂದು ಬೆಟ್ಟಸಾಲು ಅಗೆಯಬೇಕಿಲ್ಲ. ಹಳೆಯ ಮೈಸೂರಿನ ಕುಲುಮೆಯವರಲ್ಲಿ ಹಲವರು ಅಗೆಯುತ್ತಲೂ ಇರಲಿಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ವೆಗೆ ಬಂದ ಫ್ರಾನ್ಸಿಸ್ ಬುಕನನ್ ಈ ಸೀಮೆ ಸುತ್ತಿದಾಗ, ಮಳೆ ಬಂದ ಮೇಲೆ ಹಳ್ಳಗಳಲ್ಲಿ ಇಳಿದ ಕಪ್ಪು ಮರಳನ್ನು ಬಳಿದು ತಂದು ಕಬ್ಬಿಣ ಕರಗಿಸುವವರನ್ನು ಕಂಡು ಬರೆದಿದ್ದಾನೆ. ಕಾಂತ ಹಿಡಿದರೆ ಅಂಟುವ ಆ ಮರಳು ಈಗಲೂ ನಮ್ಮ ಹಳ್ಳಗಳಲ್ಲಿ ಸಿಗುತ್ತದೆ. ಅದರಿಂದ ಇವತ್ತಿನ ಉಕ್ಕಿನ ಕಾರ್ಖಾನೆ ನಡೆಯುವುದಿಲ್ಲ ಅನ್ನುವುದು ನನಗೂ ಗೊತ್ತು, ಮರಳು ಮಾಫಿಯಾಕ್ಕೆ ಹೊಸ ನೆಪ ಕೊಡುವ ಇಷ್ಟವೂ ನನಗಿಲ್ಲ.

ಘಟ್ಟದ ಹೊರಗೆ ಇನ್ನೊಂದು ಬಗೆಯ ಮ್ಯಾಗ್ನೆಟೈಟ್ ಇದೆ. ಚನ್ನಗಿರಿ ತಾಲ್ಲೂಕಿನ ಮಾಸಣಿಕೆರೆ, ಉಬ್ರಾಣಿ ಕಡೆ, ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ. ಅದರಲ್ಲಿ ಟೈಟಾನಿಯಂ ಬೆರೆತಿದೆ, ಜೊತೆಗೆ ಸ್ವಲ್ಪ ವನೇಡಿಯಂ. ಟೈಟಾನಿಯಂ ಇದ್ದರೆ ಕುಲುಮೆಯಲ್ಲಿ ಕಿಟ್ಟ ಅಂಟಂಟಾಗಿ ಕೆಲಸ ಕೆಡುತ್ತದೆ, ಹಾಗಾಗಿ ಉಕ್ಕಿನವರು ಇದರ ಕಡೆ ತಿರುಗಿ ನೋಡಲಿಲ್ಲ. ಚೀನಾದವರು ಪಂಝಿಹುವಾದಲ್ಲಿ ಇಂಥದೇ ಅದಿರಿನಿಂದ ಕಬ್ಬಿಣವನ್ನೂ ವನೇಡಿಯಮ್ಮನ್ನೂ ತೆಗೆಯುತ್ತಾರೆ. ಉಕ್ಕನ್ನು ಗಟ್ಟಿ ಮಾಡಲು, ಕರೆಂಟು ಕೂಡಿಡುವ ಒಂದು ಬಗೆಯ ದೊಡ್ಡ ಬ್ಯಾಟರಿಗೆ ವನೇಡಿಯಂ ಬೇಕು. ಚನ್ನಗಿರಿಯಲ್ಲಿ ಅಡಿಕೆ ತೋಟ ಇದೆ, ಊರುಗಳಿವೆ. ನಾಳೆಯೇ ಗುದ್ದಲಿ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಎಷ್ಟು ಅರೆಯಬೇಕು, ಎಷ್ಟು ಕೆಸರು ಬರುತ್ತದೆ ಅಂತ ಮೊದಲು ಹೇಳಿ, ಆಮೇಲೆ ಅಲ್ಲಿನ ಜನರನ್ನು ಕೇಳಿ.

ಈ ಪತ್ರದಲ್ಲಿ ನಾನು ಕೇಳುವುದೂ ಅದನ್ನೇ. ಇನ್ನು ಮುಂದೆ ಮ್ಯಾಗ್ನೆಟೈಟ್ ಸಂಪತ್ತಿನ ಟನ್ ಲೆಕ್ಕ ಪ್ರಕಟಿಸುವಾಗ, ಅದೇ ಪುಟದಲ್ಲಿ ಆ ಅದಿರಿನಲ್ಲಿ ಕಬ್ಬಿಣ ಶೇಕಡಾ ಎಷ್ಟು, ಎಷ್ಟು ನುಣ್ಣಗೆ ಅರೆದರೆ ಬಿಡಿಸಿಕೊಳ್ಳುತ್ತದೆ, ಒಂದು ಟನ್ ಮಾಲಿಗೆ ಎಷ್ಟು ಟನ್ ಕೆಸರು, ಎಷ್ಟು ನೀರು, ಕೆಸರು ಇಡುವ ಜಾಗ ಯಾವುದು, ಅಲ್ಲಿ ಮಳೆ ಎಷ್ಟು, ಇವನ್ನೂ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಇದರಲ್ಲಿ ರಹಸ್ಯ ಏನೂ ಇಲ್ಲ, ಪ್ರಯೋಗಾಲಯದ ಮಾಮೂಲಿ ಅಂಕಿಗಳು. ಇಷ್ಟು ಎದುರಿಗಿದ್ದರೆ ಕಳಸದ ಕಾಫಿ ಬೆಳೆಗಾರನೂ ಪಣಂಬೂರಿನ ಕಾರ್ಮಿಕನೂ ಒಂದೇ ಲೆಕ್ಕದ ಮೇಲೆ ಜಗಳ ಆಡಬಹುದು.

ಲಖ್ಯಾ ಕಟ್ಟೆಯ ವಿಷಯ ಇದಕ್ಕಿಂತ ತುರ್ತಿನದು. ಗಣಿ ನಿಂತಿತು, ಕೆಸರು ಅಲ್ಲೇ ಇದೆ, ಕೋಟಿಗಟ್ಟಲೆ ಟನ್. ಅದರ ಮೇಲೆ ಪ್ರತಿ ವರ್ಷ ಅದೇ ಮಳೆ ಸುರಿಯುತ್ತದೆ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಕಬ್ಬಿಣದ ಗಣಿಯ ಕೆಸರು ಕಟ್ಟೆ ಒಡೆದು 270 ಜನ ಸತ್ತರು. ಅದೂ ಕೆಲಸ ನಿಲ್ಲಿಸಿದ ಕಟ್ಟೆಯೇ. ಅದನ್ನು ಕಟ್ಟಿದ ರೀತಿ ಬೇರೆ, ಲಖ್ಯಾದ್ದು ಬೇರೆ, ಜನರನ್ನು ಸುಮ್ನೆ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಕಟ್ಟೆಯ ಕೆಳಗಿನ ಊರುಗಳವರಿಗೆ ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರದ ತಪಾಸಣೆ ವರದಿ ನೋಡುವ ಹಕ್ಕಿದೆ. ಕಟ್ಟೆಯೊಳಗೆ ನೀರಿನ ಮಟ್ಟ ಎಷ್ಟು, ಎಲ್ಲಾದರೂ ಜಿನುಗುತ್ತಿದೆಯೇ, ಹೆಚ್ಚುವರಿ ನೀರು ಹೊರಗೆ ಹೋಗುವ ದಾರಿ ಸರಿ ಇದೆಯೇ ಅಂತ ಅದರಲ್ಲಿರಲಿ. ಆ ಕೆಸರಿನಲ್ಲಿ ಇನ್ನೂ ಕಬ್ಬಿಣ ಇದೆ, ಅದನ್ನೇ ಮತ್ತೆ ಸೋಸೋಣ ಅನ್ನುವ ಮಾತು ಆಗಾಗ ಬರುತ್ತದೆ. ಅದರಿಂದ ಇಟ್ಟಿಗೆ ಮಾಡುವ ಸಂಶೋಧನೆಯೂ ನಡೆದಿದೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ತುಂಬಿದ ಕಟ್ಟೆಯನ್ನು ಕೆದಕುವುದು, ಸುಮಾರು ಕಾಲು ಪಾಲು ಕಬ್ಬಿಣ ಇರುವ ಕೆಸರನ್ನು ಉದ್ಯಾನದ ನಡುವಿನಿಂದ ಲಾರಿಯಲ್ಲಿ ಸಾಗಿಸುವುದು ಹೊಸ ಗಣಿಗಾರಿಕೆಯೇ ಆಗುತ್ತದೆ. ಆ ಪ್ರಸ್ತಾವ ಬಂದರೆ ಅದಕ್ಕೂ ಮೇಲಿನ ಅಂಕಿಗಳೆಲ್ಲ ಅನ್ವಯಿಸಲಿ.

ಲಖ್ಯಾ ಕಟ್ಟೆಯ ಕಳೆದ ಐದು ವರ್ಷದ ತಪಾಸಣೆ ವರದಿಗಳನ್ನು ಬರುವ ಮುಂಗಾರಿನ ಒಳಗೆ ಕಳಸ ಮತ್ತು ಮೂಡಿಗೆರೆಯ ತಾಲ್ಲೂಕು ಕಚೇರಿಗಳಲ್ಲಿ, ಕೆಳಗಿನ ಗ್ರಾಮ ಪಂಚಾಯಿತಿಗಳಲ್ಲಿ ಜನರ ಕೈಗೆ ಸಿಗುವ ಹಾಗೆ ಇಡಿ. ಮ್ಯಾಗ್ನೆಟೈಟ್ ಸಂಪತ್ತಿನ ಪಟ್ಟಿಯನ್ನು ನಾನು ಹೇಳಿದ ಕಾಲಂಗಳ ಜೊತೆ ಯಾವಾಗ ಪ್ರಕಟಿಸುತ್ತೀರಿ ಅಂತಲೂ ತಿಳಿಸಿ. ನನಗೆ ಪ್ರತ್ಯೇಕ ಉತ್ತರ ಬೇಡ, ಪತ್ರಿಕೆಗಳಲ್ಲಿ ಬಂದರೆ ಸಾಕು.

ಇತಿ,
ಭೂವಿಜ್ಞಾನ ಪಾಠ ಹೇಳಿದ ಮಲೆನಾಡಿನ ಒಬ್ಬ ಮೇಷ್ಟ್ರು